ಅರ್ಧದ ಅರ್ಧ ಕಾವು

ಖಾನಾಪುರದ ಕುಂಬಾರ ಸಂಘದ ಶೆಡ್ಡಿಗೆ ಕರೆಂಟಿನ ಭಟ್ಟಿ ಬಂದಾಗ, ಅದರಲ್ಲಿ ಜಾಡಿ ಜೋಡಿಸಿ ಬೇಯಿಸುವ ಕೆಲಸ ಮಾಯಕ್ಕನ ಪಾಲಿಗೆ ಬಂತು. ಯಾರೂ ದಾನ ಕೊಟ್ಟದ್ದಲ್ಲ. ಕಟ್ಟಿಗೆ ಭಟ್ಟಿಯ ಹೊಗೆ ಕುಡಿದು, ಬೆಂಕಿಯ ಬಣ್ಣ ನೋಡಿ ಪಳಗಿದ ಕಣ್ಣು ಆಕೆಯದು. ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಆ ಕೆಲಸವೇ ಕೈಜಾರುವ ಹೊತ್ತು ಬಂತು.

ಭಟ್ಟಿ ಬೇಯಿಸುವುದನ್ನೇ ಬಿಟ್ಟಿತ್ತು. ಹಗಲೆಲ್ಲ ಉರಿಸಿದರೂ ಜಾಡಿಯ ಮೇಲಿನ ಲೇಪ ಕರಗಿ ಗಾಜಾಗದೆ ಹಸಿ ಸುಣ್ಣದ ಹಾಗೆ ಉದುರುತ್ತಿತ್ತು. ಸಂಘದ ಕಾರ್ಯದರ್ಶಿ ಗುರುಪಾದಪ್ಪ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕೇಳಿದ: "ಭಟ್ಟಿ ಹಚ್ಚಿದ ದಿನ ಯಾರು ಹೊರಗಾಗಿದ್ರಿ?"

ಮುಟ್ಟಾದವರು ಭಟ್ಟಿಯ ಹತ್ತಿರ ಸುಳಿಯಬಾರದೆಂಬುದು ಅಜ್ಜಂದಿರ ಕಾಲದ ಕಟ್ಟು. ಉಳಿದವರು ನೆಲ ನೋಡಿದರು. ಮಾಯಕ್ಕ ಮಾತ್ರ "ನಾನ್ರಿ" ಅಂದುಬಿಟ್ಟಳು.

"ನೋಡು, ಒಳಗ ಕಾಯೂ ತಂತಿಗೆ ಮೈಲಿಗಿ ಆಗಿ ಸತ್ತೈತಿ. ಹೊಸಾದು ಹಾಕಸ್ತೀನಿ. ನೀ ಇನ್ನ ಮಣ್ಣು ತುಳಿ. ಭಟ್ಟಿ ಬಾಜು ಕಾಲಿಡಬ್ಯಾಡ."

ಮೂರು ವಾರದ ಮೇಲೆ ತಂತಿ ಹಾಕಲು ಬೆಳಗಾವಿಯಿಂದ ಬಂದವಳು ಜೋಹರಾ. ಕೋಟೆಯ ಬಾಜುವಿನ ಮೋಟಾರು ದುರಸ್ತಿ ಅಂಗಡಿಯನ್ನು ಡಿಪ್ಲೊಮಾ ಮುಗಿಸಿ ತಾನೇ ನಡೆಸುತ್ತಿದ್ದಳು. ಬಂದವಳೇ ಚೀಲದಿಂದ ಕರೆಂಟು ಅಳೆಯುವ ಎರಡು ಮುಳ್ಳಿನ ಮೀಟರು ತೆಗೆದಳು.

"ತಂತಿ ಹಾಕವಾ ಅಂದ್ರ ಗಡಿಯಾರ ತಂದೀಯಲ್ಲ?" ಗುರುಪಾದಪ್ಪ ನಕ್ಕ.

"ಸತ್ತೈತೋ ಬದುಕೈತೋ, ಮೊದಲ ತಂತೀನ ಕೇಳೂಣು ತಡೀರಿ ಕಾಕಾ."

ಮೀಟರುಗಳನ್ನು ಭಟ್ಟಿಗೆ ಜೋಡಿಸಿ ಸ್ವಿಚ್ಚು ಹಾಕಿ, ದೂರ ನಿಂತಿದ್ದ ಮಾಯಕ್ಕನನ್ನೇ ಹತ್ತಿರ ಕರೆದಳು. "ಇದು ವೋಲ್ಟ್, ಹಿಂದಿಂದ ನೂಕೋ ಜೋರು. ಇದು ಆಂಪಿಯರ್, ತಂತ್ಯಾಗ ಹರಿಯೂದು." ಒಂದರ ಮುಳ್ಳು ಇನ್ನೂರಾ ಮೂವತ್ತಕ್ಕೆ ನಿಂತಿತ್ತು, ಇನ್ನೊಂದರದು ಹತ್ತಕ್ಕೆ. ಭಟ್ಟಿಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದು ಭಾಗಿಸಿದಳು. ಇಪ್ಪತ್ತಮೂರು. "ಇದು ತಂತಿ ಒಡ್ಡೋ ಅಡ್ಡಿ. ಓಮ್ ಅಂತಾರ. ತಂತಿ ಕೆಟ್ರ ಈ ಅಂಕಿ ಬದಲಾಗಬೇಕು."

ಅಷ್ಟರಲ್ಲಿ, ಆ ಬೇಸಿಗೆಯಲ್ಲಷ್ಟೇ ಬಾಜುವಿಗೆ ಬಂದು ಅದೇ ಲೈನಿನಿಂದ ಕರೆಂಟು ಎಳೆಯುತ್ತಿದ್ದ ಕಟ್ಟಿಗೆ ಮಿಲ್ಲಿನ ಗರಗಸ ಕಿರುಚಿತು. ಎರಡೂ ಮುಳ್ಳು ಕುಸಿದವು. ನೂರಾ ಹದಿನೈದು, ಐದು.

"ನೀವ ಭಾಗಿಸ್ರಿ ಅಕ್ಕಾ."

ನಾಲ್ಕನೇ ಇಯತ್ತೆಯ ಭಾಗಾಕಾರವನ್ನು ಮಾಯಕ್ಕ ತಡವರಿಸಿ ಮಾಡಿದಳು. ಇಪ್ಪತ್ತಮೂರು! ಮತ್ತೆ ಮಾಡಿದಳು. ಅದೇ. ಆಕೆಯ ಮೈ ಝುಮ್ಮೆಂದಿತು. ಇಟ್ಟಿಗೆಯ ಹೊಟ್ಟೆಯೊಳಗೆ ಯಾರ ಕಣ್ಣಿಗೂ ಬೀಳದೆ ಕೂತ ತಂತಿ ಹೊರಗಿನವರಿಗೆ ತನ್ನ ಸಾಕ್ಷಿ ಹೇಳುತ್ತಿತ್ತು. ಜೋರು ಬದಲಾಯಿತು, ಹರಿವು ಬದಲಾಯಿತು, ತಾನು ಬದಲಾಗಿಲ್ಲ. ಎದುರು ನಿಂತವರು ಯಾವ ಸ್ಥಿತಿಯಲ್ಲಿದ್ದರೆಂಬುದು ಅದಕ್ಕೆ ಬೇಕಾಗಿಯೇ ಇರಲಿಲ್ಲ.

"ಈಗ ಎರಡನ್ನೂ ಗುಣಸ್ರಿ. ಅದು ಕಾವಿನ ಲೆಕ್ಕ. ವಾಟ್."

ಆಗಿನದು ಎರಡು ಸಾವಿರದ ಮುನ್ನೂರು. ಈಗಿನದು ಐನೂರಾ ಎಪ್ಪತ್ತೈದು.

"ಇದೇನವಾ! ಜೋರು ಅರ್ಧ ಆದ್ರ ಕಾವೂ ಅರ್ಧ ಆಗಬೇಕಲ್ಲ? ಇದು ಬರೇ ಕಾಲು ಪಾಲು!"

"ನೂಕೂದು ಅರ್ಧ ಆತು. ನೂಕೂದು ಕಮ್ಮಿ ಆಗಿದ್ದಕ್ಕ ಹರಿಯೂದೂ ಅರ್ಧ ಆತು. ಅರ್ಧದ ಅರ್ಧ, ಅಕ್ಕಾ."

ಮಾಯಕ್ಕ ಸುಣ್ಣದ ಅಂಕಿಗಳನ್ನು ಮುಟ್ಟಲೂ ಅಂಜಿದಳು. ಜಗತ್ತು ಇಷ್ಟು ನಿಯತ್ತಿನದೇ? ಖಾನಾಪುರದ ಶೆಡ್ಡಿನಲ್ಲಿಯೂ, ಬೆಳಗಾವಿಯ ಕಾರಖಾನೆಯಲ್ಲಿಯೂ, ಯಾರೂ ನೋಡದಿದ್ದಾಗಲೂ, ಹೀಗೇ ನಡೆದುಕೊಳ್ಳುತ್ತದೆಯೇ? ಬೆರಗಿನ ಬೆನ್ನಿಗೇ ಸಿಟ್ಟು ಬಂತು. ಹಗಲೆಲ್ಲ ಕಾವು ನುಂಗಿದವನು ಮಿಲ್ಲಿನ ಸಾಹುಕಾರ. ತಪ್ಪು ಹುಡುಕಿದ್ದು ಹೆಂಗಸಿನ ಸೀರೆಯೊಳಗೆ.

"ಅಂಕಿ ಖರೇ ಇರಬಹುದು. ಮೈಲಿಗಿ ಮೀಟರಿನ್ಯಾಗ ಸಿಗೂದಿಲ್ಲ," ಅಂದ ಗುರುಪಾದಪ್ಪ.

ಜೋಹರಾ ಗೋಡೆಯ ಪಟದ ಕಡೆ ಕತ್ತು ಎತ್ತಿದಳು. "ದಿನಾ ಊದಿನಕಡ್ಡಿ ಹಚ್ಚತೀರಿ ಕಾಕಾ. ನಿಮ್ಮ ಬಸವಣ್ಣ ಸೂತಕಾನ ಇಲ್ಲ ಅಂದಾನಂತ. ಸಾಬರ ಮನಿಯಾಕಿ ನಾ ಹೇಳಬೇಕೇನು?"

ಹೆಂಗಸರು ಸೆರಗಿನೊಳಗೆ ಕಿಸಕ್ಕೆಂದರು. ಗುರುಪಾದಪ್ಪನ ಮುಖ ಕಪ್ಪಿಟ್ಟಿತು. "ಸಂತಿ ದಿನ ಮಿಲ್ಲು ಬಂದ್ ಇರತೈತಿ. ಅವತ್ತ ಈಕಿನೇ ಜಾಡಿ ಬೇಯಿಸಿ ತೋರಸ್ಲಿ. ಬೇಯದಿದ್ರ ಮಣ್ಣಿಗೇ ಖಾಯಂ."

ಸಂತೆಯ ದಿನ ಬೆಳಿಗ್ಗೆ ಮಾಯಕ್ಕ ಮತ್ತೆ ಹೊರಗಾದಳು. "ಬಾಯಿ ಮುಚ್ಚಕೊಂಡು ಹಚ್ಚಿಬಿಡು, ಹುಚ್ಚಿ," ಎಂದು ಜೊತೆಯ ಫಕೀರವ್ವ ಕಿವಿಯಲ್ಲಿ ಉಸುರಿದಳು. ಮುಚ್ಚಿಕೊಂಡರೆ ಜಾಡಿ ಬೇಯುತ್ತಿತ್ತು, ಮುಟ್ಟಿನ ಕಟ್ಟು ಮಾತ್ರ ಪರೀಕ್ಷೆಯಾಗದೆ ಹಸಿಯಾಗಿಯೇ ಉಳಿಯುತ್ತಿತ್ತು. ಮಾಯಕ್ಕ ಶೆಡ್ಡಿನ ನಡುವೆ ನಿಂತಳು.

"ಗುರುಪಾದಪ್ಪಾರ, ಇವತ್ತೂ ನಾ ಹೊರಗಾಗೀನ್ರಿ. ಎಲ್ಲಾರೂ ಕೇಳ್ರಿ. ಭಟ್ಟಿ ಹಚ್ಚಾಕತ್ತೀನಿ."

ಆತ ಬಾಯಿ ತೆರೆಯುವುದರೊಳಗೆ ಸ್ವಿಚ್ಚು ಬಿತ್ತು. ಜೋಹರಾ ಬಿಟ್ಟುಹೋಗಿದ್ದ ಮೀಟರಿನ ಮುಳ್ಳು ಇನ್ನೂರಾ ಮೂವತ್ತಕ್ಕೆ ಏರಿ ನಿಂತಿತು. ಮಧ್ಯಾಹ್ನ ದಾಟಿದ ಮೇಲೆ ಮಾಯಕ್ಕ ಭಟ್ಟಿಯ ಕಿಂಡಿಗೆ ಕಣ್ಣಿಟ್ಟಳು. ಹೊಗೆಯಿಲ್ಲ, ಬೂದಿಯಿಲ್ಲ, ಸದ್ದಿಲ್ಲ. ಕೆಂಪು ಕಿತ್ತಳೆಯಾಯಿತು, ಕಿತ್ತಳೆ ಹಳದಿಯಾಯಿತು, ಆಮೇಲೆ ಆಕೆಯ ಇಡೀ ಕುಲದಲ್ಲಿ ಯಾರೂ ಹೆಸರಿಡದ ಒಂದು ಬೆಳಕು. ಅದರೊಳಗೆ ಜಾಡಿಗಳು ಒದ್ದೆಯಾದಂತೆ ಹೊಳೆಯತೊಡಗಿದವು. ಹಿಂದೆ ಹೆಂಗಸರು ಸಾಲು ಹಚ್ಚಿದರು, ಒಬ್ಬೊಬ್ಬರಾಗಿ ಬಗ್ಗಿ ನೋಡಿದರು.

ಮರುದಿನ ಆರಿದ ಭಟ್ಟಿಯಿಂದ ನೀಲಿ ಜಾಡಿ ತೆಗೆದು ಮಾಯಕ್ಕ ಗುರುಪಾದಪ್ಪನ ಕೈಗಿಟ್ಟಳು. ಆತ ಉಗುರಿನಿಂದ ಬಡಿದ. ಕಂಚಿನ ದನಿ ಬಂತು. ತುಂಬ ಹೊತ್ತು ಜಾಡಿಯನ್ನು ತಿರುಗಿಸುತ್ತಲೇ ಇದ್ದ.

"ಆತು. ಭಟ್ಟಿ ನಿಂದ," ಎಂದು ದನಿ ತಗ್ಗಿಸಿದ. "ಖರೇ, ಆ ದಿನಗೋಳು ಬಂದಾಗ ಒದರಬ್ಯಾಡ ನೋಡವಾ. ಸುಮ್ಮ ಹಚ್ಚಿಬಿಡು."

"ಇಲ್ರಿ," ಅಂದಳು ಮಾಯಕ್ಕ, ಮುಂದಿನ ಜಾಡಿಗೆ ಕೈ ಚಾಚುತ್ತ. "ಹೇಳೇ ಹಚ್ಚತೀನಿ."