ಬರ್ತೀನಿ ಅನ್ನಬಾರದ ಬಾಗಿಲು

ನಾಟಕದಲ್ಲಿ ಇದ್ದದ್ದು ಎರಡೇ ಪಾತ್ರ, ಒಂದೇ ಕೋಣೆ, ಎರಡು ಚಾಪೆ. ಕೈದಿಗಳಲ್ಲಿ ಒಬ್ಬ ಓದಿದವನು, ಇನ್ನೊಬ್ಬ ಸಹಿ ಹಾಕಲೂ ಬಾರದವನು. ಮೊದಲ ದೃಶ್ಯದಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕೊನೆಯ ದೃಶ್ಯದಲ್ಲಿ ಓದಿದವನಿಗೆ ಬಿಡುಗಡೆಯಾಗುತ್ತದೆ, ಇನ್ನೊಬ್ಬ ಅವನ ಚಾಪೆ ಸುತ್ತಿಡುತ್ತಾನೆ. ಓದಿದವನ ಪಾತ್ರ ಮಾಡುತ್ತಿದ್ದವರು ಒಬ್ಬ ನಿವೃತ್ತ ಗಣಿತದ ಮೇಷ್ಟರು. ಇನ್ನೊಂದನ್ನು ಮಾಡುತ್ತಿದ್ದವನು ಒಬ್ಬ ಬೀಗ ರಿಪೇರಿಯವನು. ಅವನು ನಿಜವಾಗಿಯೂ ಆರು ವರ್ಷ ಒಳಗಿದ್ದು ಬಂದವನು. ಪರದೆಯ ಹಿಂದೆ ಹಸ್ತಪ್ರತಿ ಹಿಡಿದು ಕೂತು, ಮರೆತ ಮಾತನ್ನು ಪಿಸುಗುಟ್ಟುವ ಕೆಲಸ ನನ್ನದು.

ತಾಲೀಮು ಮುದ್ರಣಾಲಯದ ಮೇಲಿನ ಕೋಣೆಯಲ್ಲಿ. ಕೆಳಗೆ ಯಂತ್ರ ಓಡಿದರೆ ಮೇಲೆ ನೆಲ ನಡುಗುತ್ತಿತ್ತು.

“ನಿನ್ನ ಕೈಗೆ ನಿಲ್ಲೋ ಬೀಗ ಯಾವುದಿದೆ? ಸುಮ್ನೆ ಆರು ವರ್ಷ ಯಾಕಯ್ಯಾ ಕೂತಿದ್ದೆ?” ಎಂದು ಮೇಷ್ಟರು ಕೆಣಕುತ್ತಿದ್ದರು.

“ಆ ಬೀಗಕ್ಕೆ ಒಳಗಡೆ ತೂತೇ ಇರಲ್ಲ ಮೇಷ್ಟ್ರೇ.”

ತೊಡಕಾದದ್ದು ಕೊನೆಯ ಮಾತು. ಬಿಡುಗಡೆಯಾದವನು ಬಾಗಿಲಲ್ಲಿ ನಿಂತು ‘ಹೋಗಿ ಬರ್ತೀನಿ’ ಎನ್ನಬೇಕೆಂದು ಹಸ್ತಪ್ರತಿಯಲ್ಲಿತ್ತು. ಬೀಗದವನು ಚಾಪೆ ಸುತ್ತುವುದನ್ನು ನಿಲ್ಲಿಸಿದ.

“ಒಳಗೆ ಯಾರೂ ಹಂಗನ್ನಲ್ಲ. ‘ಬರ್ತೀನಿ’ ಅಂದವನು ಮತ್ತೆ ಅಲ್ಲಿಗೇ ಬರ್ತಾನೆ. ‘ಹೋಗ್ತೀನಿ’ ಅನ್ಬೇಕು. ತಿರುಗಿ ನೋಡ್ಬಾರ್ದು.”

“‘ಹೋಗ್ತೀನಿ’ ಅಂದಿದ್ದಕ್ಕೆ ನಮ್ಮಮ್ಮ ಬಾಯಿ ಮೇಲೆ ಹೊಡೆದಿದ್ರು ಕಣಯ್ಯಾ. ಸಾಯೋನು ಆಡೋ ಮಾತದು.”

“ಅಲ್ಲಿ ಉಲ್ಟಾ.”

ನಾನು ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಂಡೆ. ಆದರೆ ಅರವತ್ತೈದು ವರ್ಷದ ನಾಲಿಗೆ ತಿರುಗಲಿಲ್ಲ. ಪ್ರತಿದಿನವೂ ‘ಹೋ’ ವರೆಗೆ ಸರಿಯಾಗಿ ಬಂದು, ಆಮೇಲೆ ಹಳೆಯ ದಾರಿಗೇ ಜಾರುತ್ತಿತ್ತು. ಅಜ್ಜಿಯ ಬಾಯಲ್ಲಿ ಪದ್ಯ ಕೇಳಿ ಬೆಳೆದ ನನ್ನ ಕಿವಿಗೂ ಅದು ಒಗ್ಗಲಿಲ್ಲ. ‘ಹೋಗ್ತೀನಿ’ ಎಂದರೆ ಸಾಲು ಮುಗಿಯುವುದಿಲ್ಲ, ತುಂಡಾಗುತ್ತದೆ.

ಪ್ರದರ್ಶನದ ಹಿಂದಿನ ದಿನ ಬೀಗದವನು ರಂಗದ ಬಾಗಿಲಿನ ಕೀಲಿಗೆ ಎಣ್ಣೆ ಬಿಡುತ್ತ ಹೇಳಿದ: “ನಾಳೆಗೆ ನಮ್ಮಕ್ಕನ್ನ ಕರೆದಿದೀನಿ. ನನ್ನ ಸಾಕಿದವಳು. ಜೈಲಿಗೆ ಒಂದೇ ಸಲ ಬಂದಿದ್ಲು. ಜಾಲರಿ ಆಚೆ ನಿಂತು ‘ಹೋಗ್ತೀನಿ’ ಅಂದ್ಲು. ಮತ್ತೆ ಬರಲಿಲ್ಲ. ಒಳಗಿನ ನೇಮ ಗೊತ್ತಿದ್ದು ಅಂದ್ಲೋ, ನನ್ನ ಪಾಲಿಗೆ ನೀನು ಸತ್ತೆ ಅಂತ ಅಂದ್ಲೋ. ಅದೊಂದು ತಿಳೀಬೇಕು.”

“ಹೊರಗೆ ಬಂದ ಮೇಲೆ ಮನೆಗೇ ಹೋಗಿ ಕೇಳ್ಬಹುದಿತ್ತಲ್ಲ?” ಎಂದೆ ನಾನು.

“ಎರಡನೇದೇ ಆಗಿದ್ರೆ?”

ಪ್ರದರ್ಶನವೂ ಅದೇ ಕೋಣೆಯಲ್ಲಿ. ನಲವತ್ತು ಕುರ್ಚಿ. ಮೂರನೇ ಸಾಲಿನ ತುದಿಯಲ್ಲಿ ಮಡಿಲ ಮೇಲೆ ಚೀಲ ಇಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಬೀಗದವನು ಒಮ್ಮೆ ಅತ್ತ ನೋಡಿದ, ಮತ್ತೆ ನೋಡಲಿಲ್ಲ.

ಕೊನೆಗೆ ಮೇಷ್ಟರು ಬಾಗಿಲಿಗೆ ಬಂದರು. “ಹೋಗಿ ಬರ್ತೀನಿ” ಅಂದೇಬಿಟ್ಟರು. ನಾನು ಪಿಸುಗುಟ್ಟುವಷ್ಟರಲ್ಲಿ ಮಾತು ಆಡಿಯಾಗಿತ್ತು.

ಬೀಗದವನು ಚಾಪೆಯ ಸಮೇತ ಎದ್ದು ಬಂದ. “ಬರಬೇಡ. ‘ಹೋಗ್ತೀನಿ’ ಅನ್ನು.”

ಇದು ಹಸ್ತಪ್ರತಿಯಲ್ಲಿರಲಿಲ್ಲ. ಮೇಷ್ಟರು ಅವನ ಮುಖವನ್ನೇ ನೋಡಿದರು.

“ಹೋಗ್ತೀನಿ ಕಣಯ್ಯಾ.”

ತಿರುಗದೆ ನಡೆದರು. ದೀಪ ಆರಿತು.

ಜನ ಇಳಿದುಹೋದ ಮೇಲೆ ಅಕ್ಕ ಪರದೆಯ ಪಕ್ಕ ಬಂದು ನಿಂತಳು.

“ಎಷ್ಟು ಸೊರಗಿದೀಯೋ.”

“ಅದು ಬಣ್ಣ ಅಕ್ಕ. ಒರೆಸಿದ್ರೆ ಹೋಗುತ್ತೆ.”

ಅವಳು ಹೆಬ್ಬೆರಳಿನಿಂದ ಅವನ ಕೆನ್ನೆ ಒರೆಸಿ ನೋಡಿದಳು. “ಜೈಲಿನ ಗೇಟ್ ಹತ್ರ ಕ್ಯೂನಲ್ಲಿ ಒಬ್ಬ ಮುದುಕಿ ಹೇಳಿಕೊಟ್ಟಿದ್ಲು. ಇಲ್ಲಿ ‘ಬರ್ತೀನಿ’ ಅನ್ಬೇಡ ತಾಯಿ ಅಂತ.”

ಅವನು ಸುತ್ತಿಟ್ಟ ಚಾಪೆಯ ಮೇಲೆ ಕೂತುಬಿಟ್ಟ. “ಹಾಗಾದ್ರೆ ಮತ್ತೆ ಯಾಕೆ ಬರಲಿಲ್ಲ?”

“ನಾಚಿಕೆ ಆಯ್ತು. ಅದನ್ನ ಯಾವ ಮುದುಕೀನೂ ಹೇಳಿಕೊಡಲಿಲ್ಲ. ನನ್ನದೇ.”

ಅವಳು ಉತ್ತರಕ್ಕೆ ಕಾಯಲಿಲ್ಲ. ಚೀಲ ಹೆಗಲಿಗೇರಿಸಿ, “ಬಸ್ಸಿದೆ” ಅಂದಳು. ಬಾಗಿಲ ಬಳಿ ನಿಂತು ತಿರುಗಿ ನೋಡಿದಳು.

“ಬರ್ತೀನಿ.”

ಅವನು ಬರೀ ತಲೆಯಾಡಿಸಿದ. ಅವಳ ಹೆಜ್ಜೆ ಕೆಳಗಿನ ಮೆಟ್ಟಿಲು ಮುಟ್ಟಿದ ಮೇಲೆ ಎದ್ದು ಹೋಗಿ, “ಹೋಗಿ ಬಾ ಅಕ್ಕಾ” ಎಂದು ಕೂಗಿದ.