ಮೀನಿನ ಜೀರಿಗೆ

ತಾರಸಿಯ ಮೇಲೆ ಹಾಸಿದ್ದ ಬಿಳಿ ಬಟ್ಟೆಯ ಅಂಚಿನಲ್ಲಿ ಕೂತು ಬೇಯಾ ಕೊತ್ತಂಬರಿ ಬೀಜದ ರಾಶಿಗೆ ಇನ್ನೊಂದು ಬಟ್ಟಲು ಸುರಿದಾಗ, ಬೆಳ್ಳುಳ್ಳಿ ಸುಲಿಯುತ್ತಿದ್ದ ಸೊಸೆ ನಾಜಿಹಾಳ ಕೈ ನಿಂತಿತು. ಶಾಜೀರಿಗೆ ಬೀಳಬೇಕಾದಲ್ಲಿ ಮೀನಿಗೆ ಹಾಕುವ ಜೀರಿಗೆ ಬಿದ್ದಿತ್ತು. ನೋಡಲು ಎರಡೂ ಅಕ್ಕತಂಗಿಯರಂತೆ. ಬೇರೆ ಮಾಡುವುದು ಮೂಗು.

ಕಡಲತೀರದ ನಾಬಲ್ ಊರಿನ ಆ ಓಣಿಯಲ್ಲಿ, ಕುರಿಮಾಂಸಕ್ಕೆ ಹಾಕುವ ತಾಬಿಲ್ ಮಸಾಲೆ ಪುಡಿ ಯಾರ ಮನೆಯದೇ ಆಗಲಿ, ಬೀಸುವ ಮೊದಲು ಬೇಯಾಳ ಮೂಗಿನ ಒಪ್ಪಿಗೆ ಬೇಕಿತ್ತು. ಹದಿನೆಂಟು ಬೇಸಿಗೆಗಳಿಂದ ನಾಜಿಹಾ ಆ ಮೂಗಿಗೆ ಹೆದರಿ ಬೆಳ್ಳುಳ್ಳಿಯಷ್ಟನ್ನೇ ಸುಲಿಯುತ್ತಿದ್ದಳು. ಚಳಿಗಾಲದ ಜ್ವರದ ನಂತರ ಪಕ್ಕದಲ್ಲೇ ಹಾಲು ಸೀದುಹೋದರೂ ಅತ್ತೆಗೆ ಗೊತ್ತಾಗದಿದ್ದುದು ಅವಳಿಗೆ ಈಗ ನೆನಪಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಸಾಲ್ಹಾ ಅಂಗೈಯಲ್ಲಿ ತನ್ನ ಮನೆಯ ಬೀಜ ಹಿಡಿದು ಮೆಟ್ಟಿಲೇರಿ ಬಂದಳು.

"ಬೇಯಕ್ಕಾ, ಮೂಸಿ ನೋಡಿ. ಬೀಸೋಕೆ ಕೊಡ್ಲಾ?"

ಬೇಯಾ ಬಗ್ಗಿ ಮೂಸಿದಳು. ಆಮೇಲೆ ಒಂದು ಬೀಜವನ್ನು ಉಗುರಿನಿಂದ ಒತ್ತಿ, "ಇನ್ನೊಂದು ಬಿಸಿಲು ಬೇಕು ಕಣೇ," ಎಂದಳು.

ಸಾಲ್ಹಾಳ ಕಣ್ಣು ಬಟ್ಟೆಯ ಮೇಲೆ ಬಿತ್ತು. ಒಂದು ಚಿಟಿಕೆ ಎತ್ತಿ ಮೂಸಿದಳು. "ಅಯ್ಯೋ, ಜೀರಿಗೆ! ಈ ವರ್ಷ ಕುರಿಗೆ ಈಜು ಕಲಿಸ್ತೀರಾ?"

ಬೇಯಾಳ ಬೆರಳುಗಳು ಬಟ್ಟಲಿನ ಅಂಚನ್ನು ಬಿಗಿಯಾಗಿ ಹಿಡಿದವು.

"ನಂದೇ ತಪ್ಪು, ಸಾಲ್ಹಾ," ಎಂದಳು ನಾಜಿಹಾ. "ಡಬ್ಬ ಅದಲುಬದಲು ಮಾಡಿಬಿಟ್ಟೆ."

"ನಿಮ್ಮ ಸೊಸೆಗೆ ಇನ್ನೂ ಮೂಗು ಬರ್ಲಿಲ್ಲ ನೋಡಿ!" ಸಾಲ್ಹಾ ನಗುತ್ತಲೇ ಇಳಿದುಹೋದಳು.

ಬಿಸಿಲಿಗೆ ಸುತ್ತಲಿನ ತಾರಸಿಗಳೆಲ್ಲ ತುಸು ಮೇಲೆದ್ದು ಸಮುದ್ರದ ಕಡೆಗೆ ತೇಲುತ್ತಿರುವಂತಿತ್ತು. ನಾಜಿಹಾ ಒಳಗಿನಿಂದ ಶಾಜೀರಿಗೆ ತಂದು, ಅಂಗೈಯಲ್ಲಿ ಉಜ್ಜಿ, ಅಭ್ಯಾಸಬಲದಿಂದ ಅತ್ತೆಯ ಮುಂದೆ ಹಿಡಿದಳು.

ಬೇಯಾ ಬಗ್ಗಲಿಲ್ಲ. "ಹೇಗಿದೆ?" ಎಂದಳು. "ನೀನೇ ಹೇಳು."

ನಾಜಿಹಾ ಕಣ್ಣು ಮುಚ್ಚಿದಳು. "ಮೊದಲು ತಂಪು, ಅತ್ತೆ. ನೆರಳಲ್ಲಿರೋ ಬಾವಿಕಟ್ಟೆ ಥರ. ಆಮೇಲೆ ಸ್ವಲ್ಪ ಕಹಿ. ಆಮೇಲೆ... ನನ್ನ ಮದುವೆ ದಿನ ಕೆನ್ನೆ ಹಿಡಿದ್ರಲ್ಲ, ಆ ನಿಮ್ಮ ಕೈ."

"ಅವತ್ತು ನನ್ನ ಕೈ ಬೆಳ್ಳುಳ್ಳಿ ನಾರ್ತಿತ್ತು."

"ಅದೂ ಇದೆ."

ಬೇಯಾ ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದಳು. ಆಮೇಲೆ ಅಳತೆಯ ಬಟ್ಟಲನ್ನು ಸೊಸೆಯತ್ತ ಸರಿಸಿ, ಬೆಳ್ಳುಳ್ಳಿಯ ಬುಟ್ಟಿಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.