ಅಕ್ಕನ ಗಾಡಿಯ ಬ್ರೇಕು

ಡ್ರೈವಿಂಗ್ ಕಲಿಸುವವರ ಕಾರಿನಲ್ಲಿ ಬ್ರೇಕ್ ಪೆಡಲ್ ಎರಡಿರುತ್ತವೆ. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕೂತವರ ಕಾಲಿಗೆ. ಟೀಚರಮ್ಮ ಹನ್ನೊಂದು ವರ್ಷದಿಂದ ಆ ಎರಡನೆಯ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಊರಿನ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದ್ದಳು.

ಅವತ್ತು ಬೆಳಿಗ್ಗೆ ಸ್ಟಿಯರಿಂಗ್ ಹಿಡಿದಿದ್ದವರು ರಿಟೈರಾದ ನರ್ಸಮ್ಮ. ಇಳಿಜಾರಿನ ಕೊನೆಯಲ್ಲಿ ಶಾಲೆ. ಮಕ್ಕಳು ರಸ್ತೆ ದಾಟುತ್ತಿದ್ದರು. ನರ್ಸಮ್ಮ ಬ್ರೇಕ್ ಒತ್ತಿದರು.

"ಟೀಚರ್, ಇದು ಒಳಗೆ ಹೋಗ್ತಾನೇ ಇದೆ!"

ಟೀಚರಮ್ಮ ತನ್ನ ಪೆಡಲನ್ನು ತುಳಿದಳು. ನೆನೆದ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಅದು ಮೆತ್ತಗೆ ಇಳಿದು ನೆಲ ಮುಟ್ಟಿತು. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಜಗ್ಗಿದಳು. ಕಾರು ಕಿರುಚಿ, ಅಡ್ಡಡ್ಡ ಜಾರಿ ನಿಂತಾಗ ಹಳದಿ ಸ್ವೆಟರಿನ ಹುಡುಗಿಯೊಬ್ಬಳಿಗೂ ಬಂಪರಿಗೂ ಎರಡು ಮೊಳ ಅಂತರ. ಹುಡುಗಿ ಒಮ್ಮೆ ತಿರುಗಿ ನೋಡಿ, ನಾಲಿಗೆ ಹೊರಚಾಚಿ ಅಣಕಿಸಿ, ಗೇಟಿನೊಳಗೆ ಓಡಿಹೋದಳು.

"ಮೂವತ್ತೈದು ವರ್ಷ ಆಪರೇಷನ್ ಥಿಯೇಟರಲ್ಲಿ ನಿಂತಿದ್ದೀನಿ. ಇಷ್ಟು ಹೆದರಿದ್ದಿಲ್ಲ. ನಾನಿನ್ನು ನಡ್ಕೊಂಡೇ ಹೋಗ್ತೀನಿ," ಎಂದು ನರ್ಸಮ್ಮ ಬಾಗಿಲು ತೆಗೆದು ಕೆಳಗಿಳಿದರು.

ಬ್ರೇಕ್ ಹೇಗೆ ಕೈಕೊಟ್ಟಿತೆಂದು ಟೀಚರಮ್ಮನಿಗೆ ಅರ್ಥವಾಗಲಿಲ್ಲ. ತಿಂಗಳ ಹಿಂದೆ ಪೆಡಲ್ ಮೆತ್ತಗಾದಾಗ ಅವಳ ತಮ್ಮನೇ ನೋಡಿ, ಬ್ರೇಕ್ ಆಯಿಲನ್ನು ಚಕ್ರಗಳಿಗೆ ದೂಡುವ ಮಾಸ್ಟರ್ ಸಿಲಿಂಡರ್ ಹೋಗಿದೆ ಎಂದಿದ್ದ. ಅವನದೇ ಗ್ಯಾರೇಜು. ಅವಳು ಅಂಗಡಿಗೆ ಹೋಗಿ ಹೊಸದನ್ನು ತಂದು, ಡಬ್ಬದ ಸೀಲ್ ಕೂಡ ಒಡೆಯದೆ ಅವನ ಕೈಗಿತ್ತಿದ್ದಳು. ಸಂಜೆ ಅವನು, "ಹೊಸದು ಹಾಕಿದ್ದೀನಿ ಅಕ್ಕ. ಇನ್ನು ಕಣ್ಮುಚ್ಕೊಂಡು ಓಡ್ಸು," ಎಂದಿದ್ದ. ವಾರ ಕಳೆಯುವುದರೊಳಗೆ ಮತ್ತೆ ಅದೇ ಪಾಡು. ಆಗ, "ಲೈನಲ್ಲಿ ಗಾಳಿ ಸೇರ್ಕೊಂಡಿದೆ," ಎಂದು ಗಾಳಿ ತೆಗೆದುಕೊಟ್ಟ. ಮೂರನೇ ಸಲ, "ಹೊಸ ಪಾರ್ಟ್ ಅಲ್ವಾ, ಹೊಂದ್ಕೊಳ್ಳೋಕೆ ಟೈಮ್ ಬೇಕು," ಎಂದ. ಅವಳು ನಂಬಿದಳು. ಅಪ್ಪ ತೀರಿಕೊಂಡಾಗ ಅವನಿಗೆ ಏಳು ವರ್ಷ, ಅವಳಿಗೆ ಹದಿನೇಳು. ಸ್ಲೇಟು ಹಿಡಿಸಿದ್ದು, ಸೈಕಲ್ ಕಲಿಸಿದ್ದು, ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕಿದ್ದು ಎಲ್ಲ ಅವಳೇ. ಅವನನ್ನು ನಂಬಬೇಕೋ ಬೇಡವೋ ಎನ್ನುವುದು ಅವಳಿಗೆ ಯಾವತ್ತೂ ಪ್ರಶ್ನೆಯೇ ಆಗಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿದಳು. ಎಲ್ಲೋ ಕೆಟ್ಟು ನಿಂತ ಗಾಡಿ ತರಲು ಹೋಗಿದ್ದ. ರಸ್ತೆಯಲ್ಲಿದ್ದ ನಾಲ್ಕು ಜನ ಕಾರನ್ನು ತಳ್ಳಿ, ಹತ್ತಿರದಲ್ಲೇ ಇದ್ದ ಕನ್ನಡಕ ಹಾಕಿದ ಮೆಕ್ಯಾನಿಕ್ ಮೇಸ್ತ್ರಿಯ ಶೆಡ್ಡಿಗೆ ಸೇರಿಸಿದರು. ತಮ್ಮ ಬೇಜಾರು ಮಾಡಿಕೊಂಡಾನು ಎಂದು ಟೀಚರಮ್ಮ ಈ ಶೆಡ್ಡಿನ ಹೊಸ್ತಿಲು ತುಳಿದವಳಲ್ಲ.

ಮೇಸ್ತ್ರಿಗೆ ಮಾತು ಕಮ್ಮಿ. ಎಂಜಿನ್ ಆಫ್ ಮಾಡಿ, ಪೆಡಲನ್ನು ನಾಲ್ಕೈದು ಸಲ ಒತ್ತಿ, ಆಮೇಲೆ ಒಂದೇ ಸಮನೆ ಒತ್ತಿ ಹಿಡಿದ. ಪೆಡಲ್ ನಿಧಾನವಾಗಿ ಕೆಳಗಿಳಿಯಿತು. ಬ್ರೇಕ್ ಆಯಿಲ್ ಡಬ್ಬಿ ಭರ್ತಿ ಇತ್ತು. ನಾಲ್ಕೂ ಚಕ್ರ ಬಿಚ್ಚಿ ಒಳಗೆ ಬೆರಳಾಡಿಸಿದ, ಎಲ್ಲೂ ಪಸೆ ಇರಲಿಲ್ಲ. ಚಕ್ರಕ್ಕೆ ಹೋಗುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಕ್ಲಾಂಪಿನಿಂದ ಬಿಗಿದು ಮತ್ತೆ ಒತ್ತಿದ. ಆಗಲೂ ಇಳಿಯಿತು.

"ಚಕ್ರದ ಕಡೆ ತೊಂದ್ರೆ ಇಲ್ಲ. ಮಾಸ್ಟರ್ ಸಿಲಿಂಡರೇ. ಒಳಗಿನ ರಬ್ಬರ್ ಸವೆದಿದೆ. ಆಯಿಲ್ ಹೊರಗೆ ಸೋರಲ್ಲ, ಒಳಗೊಳಗೇ ನುಸುಳುತ್ತೆ."

"ಅದು ಹೊಸದು. ಹೋದ ತಿಂಗಳು ನನ್ನ ತಮ್ಮನೇ ಹಾಕಿದ್ದು."

ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದ. ಆಮೇಲೆ ಟಾರ್ಚ್ ಅವಳ ಕೈಗೇ ಕೊಟ್ಟ. "ನೀವೇ ನೋಡಿ, ತಾಯಿ."

ಸಿಲಿಂಡರನ್ನು ಬಿಗಿದ ಬೋಲ್ಟುಗಳ ಮೇಲೆ ತುಕ್ಕು ಹೆಪ್ಪುಗಟ್ಟಿತ್ತು, ಸ್ಪ್ಯಾನರ್ ಸೋಕಿದ ಒಂದು ಗೀರಿಲ್ಲ. ಕಂಪನಿಯಲ್ಲಿ ಹಚ್ಚಿದ ಬಣ್ಣದ ಗುರುತು ಒಡೆಯದೆ ಹಾಗೇ ಇತ್ತು. ಸಿಲಿಂಡರಿನ ಮೈಮೇಲೆ ಅಚ್ಚಾಗಿದ್ದ ಇಸವಿ ಕಾರು ಕೊಂಡ ಇಸವಿಯೇ.

ಹನ್ನೊಂದು ವರ್ಷದಲ್ಲಿ ಅದನ್ನು ಯಾರೂ ಬಿಚ್ಚಿಯೇ ಇರಲಿಲ್ಲ.

ಮಧ್ಯಾಹ್ನದೊಳಗೆ ಮೇಸ್ತ್ರಿ ಬೇರೊಂದು ತರಿಸಿದ. ಮೇಜಿನ ಇಕ್ಕಳಕ್ಕೆ ಕಚ್ಚಿಸಿ, ಗುಳ್ಳೆ ನಿಲ್ಲುವತನಕ ಆಯಿಲ್ ತುಂಬಿಸಿ, ಕಾರಿಗೆ ಕೂರಿಸಿದ. ಆಮೇಲೆ ಪೈಪುಗಳ ಗಾಳಿ ತೆಗೆಯಲು ಅವಳನ್ನು ಸೀಟಿನಲ್ಲಿ ಕೂರಿಸಿ ತಾನು ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತ. "ಒತ್ತಿ... ಹಿಡ್ಕೊಳ್ಳಿ... ಬಿಡಿ." ಹಿಂದಿನ ಚಕ್ರ ಮುಗಿದು ಮುಂದಿನದಕ್ಕೆ ಬರುವ ಹೊತ್ತಿಗೆ ಪೆಡಲ್ ಅವಳ ಪಾದಕ್ಕೆ ಗಟ್ಟಿಯಾಗಿ ಎದುರು ನಿಂತಿತು. ಅವಳ ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. ಮೇಸ್ತ್ರಿ ನೋಡಿಯೂ ನೋಡದವನಂತೆ, "ಇನ್ನೊಂದ್ಸಲ ಒತ್ತಿ," ಎಂದ.

ಅಲ್ಲಿಂದ ನೇರ ತಮ್ಮನ ಗ್ಯಾರೇಜಿಗೆ ಹೋದಳು. ಅವನು ಆಗಷ್ಟೇ ಬಂದು ಕೈ ತೊಳೆಯುತ್ತಿದ್ದ.

"ನಾನು ತಂದ್ಕೊಟ್ಟ ಸಿಲಿಂಡರ್ ಎಲ್ಲಿ?"

"ನಿನ್ನ ಗಾಡೀಲೇ ಇದ್ಯಲ್ಲಕ್ಕ."

"ನಾನು ನೋಡ್ಕೊಂಡೇ ಬಂದಿದ್ದೀನಿ."

ನಲ್ಲಿ ಸುರಿಯುತ್ತಲೇ ಇತ್ತು. ಅವನು ಅದನ್ನು ನಿಲ್ಲಿಸಲು ಬಹಳ ಹೊತ್ತು ತೆಗೆದುಕೊಂಡ. "ಟ್ರಾವೆಲ್ಸ್ ಸಾಹುಕಾರ ತಲೆ ಮೇಲೆ ಕೂತಿದ್ದ ಕಣಕ್ಕ. ಅವನ ಗಾಡಿಗೂ ಅದೇ ಬೇಕಿತ್ತು, ಅಂಗಡೀಲಿ ಸ್ಟಾಕ್ ಮುಗಿದಿತ್ತು. ನಿಂದನ್ನೇ ಅದಕ್ಕೆ ಹಾಕ್ಬಿಟ್ಟೆ. ನಿಂದು ಎರಡು ದಿನ ಬಿಟ್ಟು ಮಾಡೋಣ ಅಂದ್ಕೊಂಡೆ. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

"ನನ್ನದನ್ನೇ ಯಾಕೆ ತಗೊಂಡೆ?"

"ಅವನು ಕೂಗಾಡ್ತಾನೆ. ನೀನು ಏನೂ ಅನ್ನಲ್ವಲ್ಲ."

ಟೀಚರಮ್ಮ ಪಕ್ಕದಲ್ಲಿದ್ದ ಹಳೇ ಟೈರಿನ ಮೇಲೆ ಕೂತಳು. ಹಳದಿ ಸ್ವೆಟರಿನ ಹುಡುಗಿಯ ಸಂಗತಿ ಹೇಳಿದಳು. ಕೂಗಲಿಲ್ಲ. ಅವನ ಮುಖ ಬಿಳಿಚಿಕೊಂಡಿತು.

"ಬಾ, ಒತ್ತಿ ನೋಡು," ಎಂದು ಅವನನ್ನು ತನ್ನ ಕಾರಿನಲ್ಲಿ ಕೂರಿಸಿದಳು. ಅವನು ಒತ್ತಿದ. ಪೆಡಲ್ ಎರಡು ಬೆರಳಷ್ಟೇ ಇಳಿದು ನಿಂತಿತು.

"ಈ ಕೆಲಸ ನಿನಗೆ ಬರ್ತಿರ್ಲಿಲ್ವಾ?"

ಬರುತ್ತಿರಲಿಲ್ಲ ಎಂದಿದ್ದರೆ ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳು. ಅವನು ಸ್ಟಿಯರಿಂಗಿಗೆ ಹಣೆ ಹಚ್ಚಿ, "ಬರ್ತಿತ್ತು ಅಕ್ಕ," ಎಂದ.

ಅವನು ಈಗಲೂ ಭಾನುವಾರ ಮನೆಗೆ ಬರುತ್ತಾನೆ. ಅವಳು ಬಡಿಸುತ್ತಾಳೆ, ಅವನು ಉಣ್ಣುತ್ತಾನೆ, ಮಕ್ಕಳ ವಿಷಯ ಮಾತಾಡುತ್ತಾರೆ. ಗಾಡಿಯ ಸುದ್ದಿ ಇಬ್ಬರೂ ಎತ್ತುವುದಿಲ್ಲ. ಸರ್ವೀಸಿನ ದಿನ ಬಂದಾಗ ಅವಳು ಕಾರನ್ನು ಮೇಸ್ತ್ರಿಯ ಶೆಡ್ಡಿಗೆ ಒಯ್ದಳು. ಮೇಸ್ತ್ರಿ ಬಾನೆಟ್ ಎತ್ತುತ್ತಾ ಕೇಳಿದ: "ತಮ್ಮನ ಗ್ಯಾರೇಜೇ ನಿಮಗೆ ಹತ್ತಿರ ಅಲ್ವಾ, ತಾಯಿ?"

"ಹತ್ತಿರವೇ," ಎಂದು ಹೇಳಿ ಟೀಚರಮ್ಮ ಬೆಂಚಿನ ಮೇಲೆ ಕೂತಳು. ಅವನು ಕೆಲಸ ಮಾಡಿ ಮುಗಿಸುವವರೆಗೂ ಅವನ ಕೈಯನ್ನೇ ನೋಡುತ್ತಿದ್ದಳು.